ಮಗಳಿಗೊಂದು ಪತ್ರ: ಅಂಗಡಿಯಲ್ಲಿ ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಪ್ರಿಂಟ್ ಮಾಡಿಸಿ ನೋಡು

ತೀರ್ಥಹಳ್ಳಿ

ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಎರಡೂ ಬಿಲ್ ಪ್ರಿಂಟರ್‌ಗಳ ಫೋಟೊ ನೋಡಿದೆ. ಯಾವುದನ್ನು ತಗೊಳ್ಳಲಿ ಎಂದು ಕೇಳಿದ್ದೆಯಲ್ಲ, ಅದನ್ನು ಫೋನಿನಲ್ಲಿ ಎರಡು ಮಾತಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷ ಮನೆಮನೆಯ ಜಗುಲಿ ಹತ್ತಿ ಕರೆಂಟ್ ಬಿಲ್ ಹರಿದುಕೊಟ್ಟವನು ನಾನು. ಮೊದಲು ನಮ್ಮ ಕೈಲಿದ್ದದ್ದು ರಿಬ್ಬನ್ ಹಾಕುವ ಯಂತ್ರ. ಕೊನೆಯ ಕೆಲವು ವರ್ಷ ಕೈಯಲ್ಲಿ ಮೊಬೈಲು, ಸೊಂಟದಲ್ಲಿ ಬ್ಲೂಟೂತ್ ಪ್ರಿಂಟರ್. ಈಗ ನೀನು ಶಿವಮೊಗ್ಗದಲ್ಲಿ ಉಪ್ಪಿನಕಾಯಿ, ಹಪ್ಪಳ ಹೊತ್ತು ಮನೆಮನೆಗೆ ಹೋಗುವಾಗ ಬೇಕಾಗಿರುವುದೂ ಅದೇ ಜಾತಿಯದು.

ಈ ಪ್ರಿಂಟರಿಗೆ ಶಾಯಿ ಇಲ್ಲ. ಕಾಗದದ ಒಂದು ಮೈಗೆ ರಾಸಾಯನಿಕ ಬಳಿದಿರುತ್ತಾರೆ, ಬಿಸಿ ತಾಗಿದಲ್ಲಿ ಅದು ಕಪ್ಪಾಗುತ್ತದೆ. ರೋಲ್ ತಿರುಗಿಸಿ ಹಾಕಿದರೆ ಬಿಳಿ ಕಾಗದವೇ ಹೊರಬರುತ್ತದೆ. ಯಾವ ಮೈ ಎಂದು ಅನುಮಾನ ಬಂದರೆ ಉಗುರಿನಿಂದ ಗೀರು, ಗೆರೆ ಮೂಡಿದ್ದೇ ಸರಿಯಾದ ಮೈ. ಬಿಸಿಯಿಂದ ಹುಟ್ಟಿದ ಅಕ್ಷರ ಬಿಸಿಲು, ಎಣ್ಣೆ, ಪ್ಲಾಸ್ಟಿಕ್ಕಿಗೆ ಸೋತು ಅಳಿಸಿಯೂ ಹೋಗುತ್ತದೆ. ಆಗುಂಬೆ ಕಡೆಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಎಲ್ಲ ಬಿಲ್ಲುಗಳನ್ನೂ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಬಾಕಿಯ ತಕರಾರು ಬಂದಾಗ ಬಿಚ್ಚಿ ನೋಡಿದರೆ ಹಳೆಯ ಚೀಟಿಗಳೆಲ್ಲ ಖಾಲಿ. ‘ನೀನೇ ಕೊಟ್ಟಿದ್ದಲ್ಲವೇನಪ್ಪಾ’ ಎಂದು ಅವರು ಮುಖ ನೋಡಿದ್ದು ನನಗೆ ಇವತ್ತಿಗೂ ಮರೆತಿಲ್ಲ. ಆದ್ದರಿಂದ ಮೊದಲು ಒಳ್ಳೆಯ ರೋಲ್ ಎಲ್ಲಿ ಸಿಗುತ್ತದೆ ಎಂದು ಕೇಳು, ಆಮೇಲೆ ಪ್ರಿಂಟರ್. ಚೀಟಿ ಕೊಟ್ಟ ಕೂಡಲೇ ಅದೇ ಬಿಲ್ಲನ್ನು ಗಿರಾಕಿಯ ವಾಟ್ಸಾಪಿಗೂ ಕಳಿಸಿಬಿಡು. ತಿನ್ನುವ ಪದಾರ್ಥ ಮುಟ್ಟುವ ಕೈ ನಿನ್ನದು, ಬಿಪಿಎ ಎಂಬ ರಾಸಾಯನಿಕ ಇಲ್ಲದ ರೋಲನ್ನೇ ಕೇಳಿ ತಗೋ. ಯುರೋಪ್ ಒಕ್ಕೂಟದಲ್ಲಿ ಈ ಕಾಗದಕ್ಕೆ ಬಿಪಿಎ ಬಳಸುವುದನ್ನು 2020ರಿಂದಲೇ ನಿರ್ಬಂಧಿಸಿದ್ದಾರೆ.

ಅಳತೆಯ ವಿಷಯದಲ್ಲಿ ಎರಡಿಂಚಿನದೇ ಸಾಕು. ಕಾಗದ 58 ಮಿಲಿಮೀಟರ್, ಅಚ್ಚಾಗುವ ಜಾಗ 48. ಇಂಗ್ಲಿಷ್ ಅಕ್ಷರವಾದರೆ ಸಾಲಿಗೆ 32 ಹಿಡಿಯುತ್ತದೆ. ಆಹಾರ ಮಾರುವವರು ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಎಫ್‌ಎಸ್‌ಎಸ್‌ಎಐ ಸಂಖ್ಯೆ ಹಾಕಲೇಬೇಕೆಂಬ ನಿಯಮ 2022ರ ಜನವರಿಯಿಂದ ಇದೆ. ಆ 14 ಅಂಕಿ ಒಂದೇ ಸಾಲಿನಲ್ಲಿ ಆರಾಮಾಗಿ ಕೂರುತ್ತದೆ. ಮೂರಿಂಚಿನದರ ಭಾರವನ್ನು ದಿನವಿಡೀ ಹೊರುವ ಹೆಗಲು ನಿನ್ನದು.

ಅಂಗಡಿಯವರು ಸಾಮಾನ್ಯವಾಗಿ ತಾವಾಗಿ ಹೇಳದ ಸಂಗತಿ ಕನ್ನಡದ್ದು. ಈ ಸಣ್ಣ ಪ್ರಿಂಟರ್‌ಗಳ ಹೊಟ್ಟೆಯೊಳಗಿನ ಫಾಂಟುಗಳಲ್ಲಿ ಸಾಧಾರಣವಾಗಿ ಕನ್ನಡ ಇರುವುದಿಲ್ಲ. ಕನ್ನಡವನ್ನು ಹಾಗೇ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಬಿಲ್ಲಿಂಗ್ ಆ್ಯಪ್ ಇಡೀ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಅಂದರೆ ಚುಕ್ಕಿ ಚುಕ್ಕಿಯಾಗಿ: ಒಂದು ಗೆರೆಗೆ 384 ಚುಕ್ಕಿ, ಒಂದು ಮಿಲಿಮೀಟರ್ ಉದ್ದಕ್ಕೆ ಎಂಟು ಗೆರೆ. ಒಂದು ಗೇಣಿಗಿಂತ ಚಿಕ್ಕದಾದ, ಹತ್ತು ಸೆಂಟಿಮೀಟರಿನ ಬಿಲ್ಲಿಗೆ, ಎಂಟು ಚುಕ್ಕಿಗೆ ಒಂದು ಬೈಟಿನ ಲೆಕ್ಕದಲ್ಲಿ, 38 ಸಾವಿರ ಬೈಟಿನಷ್ಟಾಗುತ್ತದೆ. ಅದೇ ಬಿಲ್ಲು ಬರೀ ಇಂಗ್ಲಿಷ್ ಅಕ್ಷರವಾಗಿ ಹೋದರೆ ಕೆಲವು ನೂರು ಬೈಟು ಅಷ್ಟೆ. ಕಳಪೆ ಯಂತ್ರ ಇಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕು ಸಾಲು ಹೊಡೆದು ನಿಲ್ಲುತ್ತದೆ, ಮತ್ತೆ ನಾಲ್ಕು ಸಾಲು, ನಡುವೆ ಬಿಳಿ ಗೆರೆ. ಅಂಗಡಿಯಲ್ಲಿ ಇಂಗ್ಲಿಷಿನ ಟೆಸ್ಟ್ ಪ್ರಿಂಟ್ ತೋರಿಸಿದರೆ ತಲೆಯಾಡಿಸಿ ಬಂದುಬಿಡಬೇಡ. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ನಿನ್ನ ಆ್ಯಪಿನಿಂದಲೇ ಹೊಡೆಸು. ಆ ಎರಡು ಪದದಲ್ಲೇ ಎರಡು ಒತ್ತಕ್ಷರ ಇವೆ. ಪಕಾರದ ಒತ್ತು ಕೆಳಗಿನ ಸಾಲಿಗೆ ತಾಗದೆ, ಕತ್ತರಿಸದೆ ಬಂದರೆ ಮುಂದಿನ ಮಾತು. ನಿನ್ನ ಗಿರಾಕಿಗಳಲ್ಲಿ ಅರ್ಧಕ್ಕರ್ಧ ವಯಸ್ಸಾದವರು ಎಂದಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದುವ ಚೀಟಿ ಅವರ ಭಾಷೆಯಲ್ಲೇ ಇರಬೇಕು ಎಂಬುದು ನನ್ನ ಹಟ ಎಂದೇ ತಿಳಿ.

ನಿನ್ನ ಹತ್ತಿರ ಐಫೋನ್, ಡೆಲಿವರಿಗೆ ಹೋಗುವ ಹುಡುಗನ ಹತ್ತಿರ ಆಂಡ್ರಾಯ್ಡ್. ಹಳೆ ಮಾದರಿಯ ಬ್ಲೂಟೂತ್ ಪ್ರಿಂಟರ್ ಆಂಡ್ರಾಯ್ಡಿನ ಜೊತೆ ಚೆನ್ನಾಗಿ ಮಾತಾಡುತ್ತದೆ, ಐಫೋನಿಗೆ ಮಾತ್ರ ಕಿವಿಗೊಡುವುದಿಲ್ಲ. ಐಫೋನಿಗಾದರೆ ‘ಬ್ಲೂಟೂತ್ ಲೋ ಎನರ್ಜಿ’ ಎಂಬ ಹೊಸ ಬಗೆಯ ಬ್ಲೂಟೂತ್ ಇರಬೇಕು, ಇಲ್ಲವೇ ಆಪಲ್ ಒಪ್ಪಿಗೆ ಕೊಟ್ಟಿರುವ ಯಂತ್ರವಾಗಿರಬೇಕು. ಎರಡೂ ಫೋನು ತಗೊಂಡು ಹೋಗು. ಫೋನ್ ಜೋಡಿಸುವಾಗ ಕೇಳುವ ಪಿನ್ ಬಹುಮಟ್ಟಿಗೆ 0000 ಅಥವಾ 1234 ಇರುತ್ತದೆ. ವೈಫೈ ಇರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡ. ಗಿರಾಕಿಯ ಬಾಗಿಲಲ್ಲಿ ನಿನಗೂ ಪ್ರಿಂಟರಿಗೂ ಒಂದು ಮಾರಿನ ಅಂತರವೂ ಇರುವುದಿಲ್ಲ.

ಬ್ಯಾಟರಿ ಬಿಚ್ಚಿ ಬದಲಿಸುವಂತಿರಲಿ, ಚಾರ್ಜರ್ ಟೈಪ್-ಸಿ ಆಗಿರಲಿ. ಕಪ್ಪು ಹೆಚ್ಚಾದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಬಿಲ್ಲಿನ ತಲೆಯಲ್ಲಿ ದೊಡ್ಡ ಲೋಗೊ ಬೇಡ. ಪೆಟ್ಟಿಗೆಯ ಮೇಲೆ ಐಪಿ54 ಎಂದಿದ್ದರೆ ದೂಳು, ಹನಿ ನೀರು ತಡೆಯುತ್ತದೆ ಎಂದರ್ಥ, ನಮ್ಮ ಜಡಿಮಳೆಯಲ್ಲಿ ಒದ್ದೆಯಾಗಲು ಬಿಡಬಹುದು ಎಂದಲ್ಲ. ನಾನು ಕೊಡೆ ಕುತ್ತಿಗೆಗೆ ಸಿಕ್ಕಿಸಿಕೊಂಡು ಯಂತ್ರವನ್ನು ಎದೆಗೆ ಅವುಚಿಕೊಂಡೇ ಮಳೆಗಾಲ ಕಳೆದೆ. ಒದ್ದೆ ರೋಲ್ ಒಳಗೆ ಅಂಟಿಕೊಂಡರೆ ಅವತ್ತಿನ ಕೆಲಸ ಅಲ್ಲಿಗೇ ನಿಂತಂತೆ.

ಬಾಟಲಿಯ ಲೇಬಲ್ಲನ್ನೂ ಇದರಲ್ಲೇ ಹೊಡೆಯುವ ಆಸೆ ನಿನಗೆ. ಅದು ಬೇಡ ಪುಟ್ಟೀ. ಉಪ್ಪಿನಕಾಯಿಯ ಎಣ್ಣೆ ತಾಗಿದರೆ ತಯಾರಾದ ತಾರೀಖೇ ಅಳಿಸಿಹೋಗುತ್ತದೆ. ಲೇಬಲ್ಲು ಪ್ರೆಸ್ಸಿನಲ್ಲೇ ಆಗಲಿ.

ನೀನು ಕಳಿಸಿದ ಎರಡರಲ್ಲಿ ನೀಲಿಯದು ಅಗ್ಗ, ಆದರೆ ಕೆಟ್ಟರೆ ಎಲ್ಲಿ ರಿಪೇರಿ ಎಂಬುದೇ ಅದರಲ್ಲಿಲ್ಲ. ಕಪ್ಪಿನದನ್ನು ಮಾರುವವರು ಶಿವಮೊಗ್ಗದಲ್ಲೇ ಇದ್ದಾರಂತೆ, ಅದನ್ನೇ ಮೊದಲು ನೋಡು. ಹೊಡೆಸಿದ ಚೀಟಿಯೊಂದನ್ನು ಕೇಳಿ ತಂದು, ಸ್ಕೂಟರಿನ ಮುಂದಿನ ಬಾಕ್ಸಿನಲ್ಲಿ ಮೂರು ದಿನ ಇಟ್ಟಿರು. ಆಮೇಲೂ ಓದಲು ಬಂದರೆ ದುಡ್ಡು ಕೊಡು. ಶನಿವಾರ ಹೋಗುವುದಾದರೆ ಹಿಂದಿನ ದಿನವೇ ಫೋನ್ ಮಾಡು, ಬೆಳಗಿನ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಅಮ್ಮ ಮಿಡಿ ಉಪ್ಪಿಗೆ ಹಾಕಿದ್ದಾಳೆ, ಒಂದು ಭರಣಿ ತರುತ್ತೇನೆ.

ನಿನ್ನ,
ಅಪ್ಪ