ಚೆಂಡನ್ನು ರೆಫರಿ ಕೈಗೆ ಕೊಟ್ಟು ಹೋಗುತ್ತಿದ್ದವನಿಗೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನನ್ನ ಡಿಗ್ರಿ ಮುಗಿಯಿತು. ಅಕೌಂಟಿಂಗ್. ನನಗೀಗ ನಲವತ್ತಾರು. ಅರಸೀಕೆರೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಅರ್ಧಕ್ಕೆ ಬಿಟ್ಟವಳು ಅಮೆರಿಕದ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಅದನ್ನು ಮುಗಿಸುವ ಹೊತ್ತಿಗೆ ಮಗನೇ ಕಾಲೇಜಿಗೆ ಅರ್ಜಿ ಹಾಕುತ್ತಿದ್ದ. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದಾಯಿತು. ಆದರೆ ಫೋನಿನಲ್ಲಿ ಹೇಳಿ ತೀರದ ಒಂದಷ್ಟು ಋಣ ಉಳಿದಿದೆ. ಅದರಲ್ಲಿ ಒಂದು ಪಾಲು ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರನದು. ನಗಬೇಡಿ.

ಅವನ ಹೆಸರು ಲ್ಯಾರಿ ಫಿಟ್ಜ್‌ಜೆರಾಲ್ಡ್. ಅರಿಜೋನಾ ಕಾರ್ಡಿನಲ್ಸ್ ತಂಡದ ವೈಡ್ ರಿಸೀವರ್, ಅಂಗಿ ನಂಬರ್ 11. ಏಕವಚನದಲ್ಲೇ ಬರೆಯುತ್ತೇನೆ, ಮನಸ್ಸಿಗೆ ಹತ್ತಿರವಾದ ಆಟಗಾರನಿಗೆ ಬಹುವಚನ ಹಚ್ಚಿದರೆ ಯಾಕೋ ಮುನಿಸಿಪಾಲಿಟಿ ಅಧ್ಯಕ್ಷರ ಹಾಗೆ ಕೇಳಿಸುತ್ತದೆ.

ನಾವಿಲ್ಲಿಗೆ ಬಂದದ್ದು 2008ರಲ್ಲಿ. ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವುದು ಅಂದುಕೊಂಡಿದ್ದ ನನಗೆ ಈ ಆಟ ಕಲಿಸಿದವರು ಪಕ್ಕದ ಮನೆಯ ತಾತ. ಗ್ಯಾರೇಜಿನಲ್ಲಿ ಹಳೇ ಟಿವಿ, ಎರಡು ಮಡಚುವ ಕುರ್ಚಿ. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ವೈಡ್ ರಿಸೀವರ್ ಅಂಚಿನಿಂದ ಓಡಿ ಹಿಡಿಯುತ್ತಾನೆ. ಎಷ್ಟು ಹೆಜ್ಜೆ ಓಡಬೇಕು, ಎಲ್ಲಿ ತಿರುಗಬೇಕು ಎಲ್ಲ ಮೊದಲೇ ನಿಗದಿ. ಎಷ್ಟೋ ಸಲ ಅವನು ತಿರುಗುವ ಮೊದಲೇ ಚೆಂಡು ಗಾಳಿಯಲ್ಲಿರುತ್ತದೆ. ಹತ್ತು ಸಲ ಓಡಿದರೆ ಏಳೆಂಟು ಸಲ ಚೆಂಡು ಇವನ ಕಡೆ ಬರುವುದೇ ಇಲ್ಲ. ಆದರೂ ಪ್ರತಿ ಸಲ ಬರುತ್ತದೆ ಅನ್ನುವ ಹಾಗೇ ಓಡಬೇಕು. ತಾತ ಇದನ್ನು ಹೇಳಿದಾಗ ನಾನು, "ನಮ್ಮ ಮನೆ ಸೊಸೆಯಂದಿರ ಪಾಡೂ ಇದೇ" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ನಾನು ಪೂರ್ತಿ ಕೂತು ನೋಡಿದ ಮೊದಲ ಮ್ಯಾಚ್ 2009ರ ಫೆಬ್ರವರಿ 1ರ ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್. ಎದುರಾಳಿ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಮುಗಿಯಲು 2 ನಿಮಿಷ 37 ಸೆಕೆಂಡು ಇರುವಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್ ಎಸೆದದ್ದನ್ನು ಲ್ಯಾರಿ ಮೈದಾನದ ನಟ್ಟನಡುವೆ ಹಿಡಿದ. ಇಬ್ಬರ ನಡುವೆ ನುಸುಳಿದ. 64 ಗಜದ ಟಚ್‌ಡೌನ್, ಅಂದರೆ ಚೆಂಡು ಹಿಡಿದುಕೊಂಡೇ ಎದುರಾಳಿಯ ಗೋಲ್ ಗೆರೆ ದಾಟಿದ. ಓಡುತ್ತಲೇ ಕತ್ತೆತ್ತಿ ಮೈದಾನದ ದೊಡ್ಡ ಪರದೆ ನೋಡುತ್ತಿದ್ದ, ಬೆನ್ನ ಹಿಂದೆ ಯಾರು ಎಷ್ಟು ದೂರದಲ್ಲಿದ್ದಾರೆ ಅಂತ ಅದರಲ್ಲೇ ಕಾಣುತ್ತಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಆಮೇಲೆ ಇನ್ನು 35 ಸೆಕೆಂಡು ಇದ್ದಾಗ ಅವರೂ ಒಂದು ಟಚ್‌ಡೌನ್ ಹೊಡೆದರು, 27-23ಕ್ಕೆ ನಾವು ಸೋತೆವು. ನಾಲ್ಕೈದು ತಿಂಗಳ ಹಿಂದೆ ಊರಿಗೆ ಬಂದವಳು ಆಗಲೇ "ನಾವು" ಅನ್ನುತ್ತಿದ್ದೆ ನೋಡಿ.

ಟಚ್‌ಡೌನ್ ಆದ ಮೇಲೆ ಚೆಂಡನ್ನು ನೆಲಕ್ಕೆ ಅಪ್ಪಳಿಸುವುದು, ಕುಣಿಯುವುದು ಇಲ್ಲಿ ಮಾಮೂಲು. ಇವನು ಚೆಂಡನ್ನು ತೆಗೆದುಕೊಂಡು ಹೋಗಿ ರೆಫರಿ ಕೈಗೆ ಕೊಡುತ್ತಿದ್ದ, ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೊಟ್ಟ ಹಾಗೆ.

2010ರಲ್ಲಿ ವಾರ್ನರ್ ನಿವೃತ್ತನಾದ. ಆಮೇಲಿನ ಮೂರು ವರ್ಷ ನೆನೆಸಿಕೊಂಡರೆ ಇವತ್ತಿಗೂ ಸಂಕಟ. ಒಂದೊಂದು ಸೀಸನ್‌ನಲ್ಲಿ ಮೂರು, ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು. ತಲೆ ಮೇಲೆ ಹೋಗುವ ಚೆಂಡು, ಕಾಲ ಬುಡಕ್ಕೆ ಬೀಳುವ ಚೆಂಡು. 2012ರ ಇಡೀ ಸೀಸನ್‌ನಲ್ಲಿ ಚೆಂಡು ಹಿಡಿದು ಅವನು ಮುಂದೆ ಸಾಗಿಸಿದ್ದು ಬರೀ 798 ಗಜ. ತಾತ ಟಿವಿಗೆ ಬೈಯುತ್ತಿದ್ದರು, ಲ್ಯಾರಿ ಮತ್ತೆ ಅಂಚಿಗೆ ಹೋಗಿ ನಿಲ್ಲುತ್ತಿದ್ದ. ತಂಡ ಬದಲಿಸಲಿಲ್ಲ. 2013ರಲ್ಲಿ ಬಂದ ಕೋಚ್ ಬ್ರೂಸ್ ಏರಿಯನ್ಸ್ ಅವನನ್ನು ಅಂಚಿನಿಂದ ಒಳಕ್ಕೆ ತಂದು, ತನಗಿಂತ ದಪ್ಪನೆಯವರನ್ನು ತಡೆದು ನಿಲ್ಲಿಸುವ ಕೆಲಸ ಹಚ್ಚಿದರು. ಸ್ಟಾರ್ ಆಟಗಾರನಿಗೆ ಅದೇನು ಹಿಗ್ಗುವ ಕೆಲಸವಲ್ಲ. ಅದನ್ನೂ ಕಲಿತ. 2015, 2016, 2017, ಮೂರು ವರ್ಷವೂ ನೂರು ಕ್ಯಾಚ್ ದಾಟಿಸಿದ. ಮುದುಕನಾದ ಅಂದವರೆಲ್ಲ ಬಾಯಿ ಮುಚ್ಚಿಕೊಂಡರು.

ಆ 2016ರಲ್ಲೇ ಇನ್ನೊಂದು ಸುದ್ದಿ ಓದಿದೆ. ಅವನ ತಾಯಿ ಕ್ಯಾರಲ್ ಸ್ತನ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದಾಗಲೇ ತೀರಿಕೊಂಡದ್ದು 2003ರಲ್ಲಿ. ಮಗನಿಗೆ ಆಗ ಹತ್ತೊಂಬತ್ತು. ಮರುವರ್ಷ ಓದು ಅರ್ಧಕ್ಕೆ ಬಿಟ್ಟು ಆಟಕ್ಕೆ ಬಂದ. ಡಿಗ್ರಿ ಮುಗಿಸುತ್ತೇನೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದನಂತೆ. ಕೋಟಿಗಟ್ಟಲೆ ದುಡಿದ ಮೇಲೆ ಆ ಕಾಗದದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಯೂನಿವರ್ಸಿಟಿ ಆಫ್ ಫೀನಿಕ್ಸ್‌ನಲ್ಲಿ ಓದಿ ಮುಗಿಸಿದ.

ನನ್ನಮ್ಮ ರವಿಕೆ ಹೊಲಿಯುತ್ತಿದ್ದರು. 1999ರಲ್ಲಿ ಅವರು ಹಾಸಿಗೆ ಹಿಡಿದಾಗ ನಾನು ಕಾಲೇಜು ಬಿಟ್ಟು ಮೆಷಿನ್ ಮುಂದೆ ಕೂತೆ. ಮಲಗಿದ್ದಲ್ಲಿಂದಲೇ ನನ್ನ ಹೊಲಿಗೆ ನೋಡಿ, "ಕೊನೇಲಿ ಗಂಟು ಹಾಕ್ದಿದ್ರೆ ಬಿಚ್ಕೊಳ್ಳತ್ತೆ ಕಣೆ" ಅಂದರು. ರವಿಕೆ ಬಗ್ಗೆ ಹೇಳುತ್ತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮುಗಿಸ್ತೀನಮ್ಮ ಅಂದಿದ್ದೆ.

ಲ್ಯಾರಿ ಸುದ್ದಿ ಓದಿ ಮಾರನೇ ದಿನವೇ ಕಾಲೇಜಿಗೆ ಓಡಿದೆ ಅಂದರೆ ಸುಳ್ಳಾಗುತ್ತದೆ. ನಾಲ್ಕು ವರ್ಷ ಸುಮ್ಮನಿದ್ದೆ. 2020ರಲ್ಲಿ ಎಲ್ಲ ಬಾಗಿಲು ಹಾಕಿದ್ದಾಗ, ಅವನು ಖಾಲಿ ಗ್ಯಾಲರಿಗಳ ಮುಂದೆ ತನ್ನ ಕೊನೆಯ ಸೀಸನ್ ಆಡುತ್ತಿದ್ದಾಗ ಅರ್ಜಿ ಹಾಕಿದೆ. ಮೊದಲು ಕೇಳಿದ ಕಾಲೇಜು ನನ್ನ ಹಳೇ ಅಂಕಪಟ್ಟಿ ಒಪ್ಪಲೇ ಇಲ್ಲ. ಎರಡನೆಯದು ಒಪ್ಪಿತು, ಅರ್ಧ. ಒಂದು ಟರ್ಮಿಗೆ ಒಂದೋ ಎರಡೋ ಕ್ಲಾಸು, ಹಾಗೆ ಆರು ವರ್ಷ.

ಅವನ ಲೆಕ್ಕ ಹೀಗೆ ನಿಂತಿದೆ: ಹದಿನೇಳು ಸೀಸನ್, ಒಂದೇ ತಂಡ, 1,432 ಕ್ಯಾಚ್, 17,492 ಗಜ. ಎರಡರಲ್ಲೂ ಮುಂದಿರುವವನು ಜೆರ್ರಿ ರೈಸ್ ಒಬ್ಬನೇ. ಸೂಪರ್ ಬೌಲ್ ಟ್ರೋಫಿ ಮಾತ್ರ ಇಲ್ಲ. ಅಕೌಂಟಿಂಗ್ ಓದಿದವಳಾಗಿ ಹೇಳುತ್ತೇನೆ, ನನ್ನ ಪುಸ್ತಕದಲ್ಲಿ ಇದು ನಷ್ಟದ ಖಾತೆಯಲ್ಲ.

ಇನ್ನು ಮನೆಯವರು. ಅಂಕಪಟ್ಟಿಗಾಗಿ ತಂಗಿ ಅರಸೀಕೆರೆಯಿಂದ ಮೈಸೂರಿಗೆ ಎರಡು ಸಲ ಬಸ್ಸಿನಲ್ಲಿ ಹೋಗಿಬಂದಳು; ಅವಳಿಗೆ ಸೀರೆ ಕಳಿಸಿದ್ದೇನೆ, ಸಾಲದು. ಇವರು ಆರು ವರ್ಷದಲ್ಲಿ ಸಾರು ಮಾಡಲು ಕಲಿತರು, ಹುಳಿ ಇನ್ನೂ ಜಾಸ್ತಿಯೇ ಬೀಳುತ್ತದೆ. ಮಗ ಎಕ್ಸೆಲ್ ಹೇಳಿಕೊಟ್ಟ, ಒಂದೇ ಪ್ರಶ್ನೆ ಮೂರು ಸಲ ಕೇಳಿದರೂ ರೇಗಲಿಲ್ಲ. ಎರಡು ಸಲ ರೇಗಿದ.

ಪ್ರಮಾಣಪತ್ರ ಅಂಚೆಯಲ್ಲಿ ಬಂದ ದಿನ ಕವರ್ ಹಿಡಿದುಕೊಂಡು ತಾತನ ಗ್ಯಾರೇಜಿಗೆ ಹೋದೆ. ಕನ್ನಡಕ ಹುಡುಕಿ ಹಾಕಿಕೊಂಡು ನಿಧಾನವಾಗಿ ಓದಿದರು. ನನ್ನ ಅಪ್ಪನ ಹೆಸರಿನ ಹತ್ತಿರ ತೊದಲಿ, ಅಲ್ಲೇ ಬಿಟ್ಟು ಮುಂದೆ ಹೋದರು. ಮತ್ತೆ ಕವರಿಗೆ ಹಾಕಿ ಎರಡೂ ಕೈಯಲ್ಲಿ ನನಗೆ ವಾಪಸ್ ಕೊಟ್ಟು ಕೇಳಿದ್ದು ಒಂದೇ ಮಾತು:

"ಹಾಗಾದರೆ ಸೆಪ್ಟೆಂಬರ್‌ನಲ್ಲಿ ಸೀಸನ್ ಶುರುವಾದ ಮೇಲೆ, ಓದಬೇಕು ಅಂತ ಹಾಫ್‌ಟೈಮ್‌ಗೆ ಎದ್ದು ಹೋಗಲ್ಲ ತಾನೆ?"