ಕಿಲೋ: ಹುಣ್ಣಿಮೆಯಂದು ಶುರು ಬೇಡ

ಮಾನ್ಯರೇ,

ಹವಾಯಿಯ ಕುಟುಂಬಗಳು ಮಕ್ಕಳೊಂದಿಗೆ ಮಾಡುವ ಪ್ರಕೃತಿ ವೀಕ್ಷಣೆ ‘ಕಿಲೋ’ವನ್ನು ಕಲಿಯುವವರು ಹುಣ್ಣಿಮೆಯಂದು ಶುರುಮಾಡಬಾರದು. ಅಲ್ಲಿ ಚಾಂದ್ರಮಾಸದ ಒಂದೊಂದು ರಾತ್ರಿಗೂ ಒಂದು ಹೆಸರು. ಎಣಿಕೆ ಶುರುವಾಗುವ ಮೊದಲ ರಾತ್ರಿ ‘ಹಿಲೊ’; ಸೂರ್ಯ ಮುಳುಗಿದ ಮೇಲೆ ಪಡುವಣದಲ್ಲಿ ಕಾಣುವ ಎಳೆಚಂದ್ರ. ಅಮಾವಾಸ್ಯೆಯನ್ನೇ ಒಂದೆಂದು ಎಣಿಸಿದರೆ ಮುಂದಿನ ಹೆಸರುಗಳೆಲ್ಲ ಒಂದೆರಡು ದಿನ ತಪ್ಪುತ್ತವೆ. ರಾತ್ರಿಗಳ ಹೆಸರು 30, ಚಾಂದ್ರಮಾಸ ಸುಮಾರು 29.5 ದಿನ, ಕೆಲವು ತಿಂಗಳು ಒಂದು ಹೆಸರು ಬಿಡಲೇಬೇಕು (ಕ್ಷಯತಿಥಿ ಬಲ್ಲ ನಮಗೆ ಇದೇನು ಹೊಸತಲ್ಲ).

ದಿನವೂ ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತು ಗಾಳಿಯ ದಿಕ್ಕು, ಮೋಡ, ಅಲೆ, ಹೂವು ಬರೆದಿಡಿ. ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ ಕಳೆದ ಮೇಲೆ ಸಂಜೆ ಹುಡುಕಿ ಮಕ್ಕಳು ಬೇಸರಪಡುತ್ತಾರೆ. ಆಗ ಮುಂಜಾನೆ ತೋರಿಸಿ. 7ರಿಂದ 10ನೇ ‘ಓಲೆ’ ರಾತ್ರಿಗಳು ನಾಟಿಗೆ ಒಳ್ಳೆಯದಲ್ಲವೆಂಬ ನಂಬಿಕೆ; ಆ ದಿನಗಳು ಕಳೆ ಕೀಳಲು, ಬಲೆ ಸರಿಮಾಡಲು.