ಸೈಜ್ ಇಲ್ಲ ಎಂದು ಥಿಯೇಟರ್ ಬಾಗಿಲಲ್ಲಿ ಹೇಳುವುದೇ?

ಮಾನ್ಯರೇ,

ಇಂಪ್ಲಾಂಟ್ (ಕೃತಕ ಕೀಲು) ಬಾರದೆ ಸೊಂಟದ ಕೀಲು ಬದಲಿಸುವ ಆಪರೇಷನ್ ಮುಂದಕ್ಕೆ ಹೋದ ಬಗ್ಗೆ ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಬಂದ ವರದಿ ಓದಿದೆ. ಅದರಲ್ಲಿ ‘ಹಿರಿಯ ಮಹಿಳೆಯೊಬ್ಬರು’ ಎಂದು ಬರೆದಿದ್ದೀರಲ್ಲ, ಅವರು ನನ್ನ ತಾಯಿ. ವರದಿಯ ಬಗ್ಗೆ ತಕರಾರಿಲ್ಲ. ಕೊನೆಗೆ ‘ರೋಗಿಗಳಿಗೆ ಯಾವ ತೊಂದರೆಯೂ ಆಗಿಲ್ಲ’ ಎಂದು ಆಸ್ಪತ್ರೆಯ ಆಡಳಿತದವರು ಹೇಳಿದ್ದಾರಲ್ಲ, ಅದನ್ನು ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ತೊಂದರೆ ಆಗಿಲ್ಲವಂತೆ! ಸಕ್ಕರೆ ಕಾಯಿಲೆಯ ಹೆಂಗಸು, ಹಿಂದಿನ ರಾತ್ರಿಯಿಂದ ಹೊಟ್ಟೆಗೆ ಏನೂ ಇಲ್ಲ. ಹಸಿರು ಗೌನ್ ತೊಡಿಸಿದರು. ಬಳೆ ಬಿಚ್ಚಿಸಿದರು, ಬಾರದ ಒಂದನ್ನು ಸೋಪು ಹಚ್ಚಿ ಎಳೆದು ಕೈ ಕೆಂಪಗೆ ಮಾಡಿದರು. ಬಲತೊಡೆಯ ಮೇಲೆ ಮಾರ್ಕರ್‌ನಲ್ಲಿ ಬಾಣದ ಗುರುತು ಹಾಕಿ ಥಿಯೇಟರ್ ಬಾಗಿಲ ಮುಂದೆ ಸ್ಟ್ರೆಚರ್ ಮೇಲೆ ಮಲಗಿಸಿದರು. ಊಟದ ಹೊತ್ತು ಮೀರಿದ ಮೇಲೆ ವಾರ್ಡ್ ಬಾಯ್ ಬಂದು, ‘ಯಜಮಾನ್ರೇ, ಇವತ್ತು ಆಗಲ್ಲಂತೆ. ಅಮ್ಮಾರಿಗೆ ಟೀ ಕುಡಿಸ್ರಿ’ ಎಂದ. ಕಾರಣ ಏನೆಂದರೆ ಇಂಪ್ಲಾಂಟ್ ಕಂಪನಿಯ ಹುಡುಗ ತಂದ ಪೆಟ್ಟಿಗೆಯಲ್ಲಿ ಸೊಂಟದ ಗುಳಿಗೆ ಕೂರಿಸುವ ಕಪ್‌ಗಳು 48 ಮಿ.ಮೀ.ನಿಂದ ಮೇಲಿನವು ಮಾತ್ರ ಇದ್ದವು, ನಮ್ಮಮ್ಮನಿಗೆ 44 ಬೇಕಾದೀತು ಎಂದು ಆಗ ಅನುಮಾನ ಬಂತಂತೆ. ಅಮ್ಮನೇ ಸ್ವಲ್ಪ ಸೊಂಟ ಬೆಳೆಸಿಕೊಂಡು ಬರಬೇಕಿತ್ತೇನೋ!

ಹುಬ್ಬಳ್ಳಿಯಲ್ಲಿ ನಮ್ಮ ಬೀಗರ ಕಡೆಯ ಆರ್ಥೋ ಡಾಕ್ಟರ್ ಒಬ್ಬರಿದ್ದಾರೆ. ಎಕ್ಸ್‌ರೇಯನ್ನು ಅವರಿಗೆ ವಾಟ್ಸಪ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಗುಂಡು ಎಲ್ಲಿ?’ ಆಮೇಲೆ ಅವರೇ ಬಿಡಿಸಿ ಹೇಳಿದರು. ಎಕ್ಸ್‌ರೇಯಲ್ಲಿ ಮೂಳೆ ಇದ್ದಷ್ಟೇ ಕಾಣುವುದಿಲ್ಲ, ಸಾಮಾನ್ಯವಾಗಿ ಶೇ 15ರಿಂದ 20ರಷ್ಟು ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಅಳತೆ ಗೊತ್ತಿರುವ ಒಂದು ಲೋಹದ ಗುಂಡನ್ನು ಸೊಂಟದ ಕೀಲಿನ ಮಟ್ಟಕ್ಕೆ ಇಟ್ಟು ಎಕ್ಸ್‌ರೇ ತೆಗೆಯುತ್ತಾರೆ. ಗುಂಡು ಎಷ್ಟು ಉಬ್ಬಿದೆ ಎಂದು ನೋಡಿಕೊಂಡು ಮೂಳೆಯ ನಿಜವಾದ ಅಳತೆ ಹಿಡಿಯುತ್ತಾರೆ. ಆ ಮೇಲೆ ಎಕ್ಸ್‌ರೇ ಮೇಲೆ ಟೆಂಪ್ಲೇಟ್ (ಇಂಪ್ಲಾಂಟಿನ ಅಳತೆಯ ನಕ್ಷೆ) ಇಟ್ಟು ಯಾವ ಕಪ್, ತೊಡೆಮೂಳೆಯೊಳಗೆ ಇಳಿಸುವ ಸ್ಟೆಮ್ ಯಾವುದು, ಮೂಳೆ ಎಲ್ಲಿ ಕತ್ತರಿಸಬೇಕು, ಕಾಲು ಉದ್ದ ಗಿಡ್ಡ ಆಗದಂತೆ ಹೇಗೆ ಕೂರಿಸಬೇಕು ಎಂಬುದನ್ನೆಲ್ಲ ಮೊದಲೇ ನೋಡಿಡುತ್ತಾರೆ. ಲೆಕ್ಕ ಒಂದು ಸೈಜು ಆಚೀಚೆ ಆಗಬಹುದು, ಆದ್ದರಿಂದ ಮೇಲಿನದೊಂದು, ಕೆಳಗಿನದೊಂದು ಕೈಗೆ ಸಿಗುವಂತೆ ಇರಬೇಕು. ಗಿಡ್ಡ ಮೈಕಟ್ಟಿನ ಹೆಂಗಸರಿಗೆ ಸಣ್ಣ ಕಪ್ಪೇ ಬೇಕು, ದೊಡ್ಡದನ್ನು ತುರುಕಲು ಹೋದರೆ ಗುಳಿಯ ಮೂಳೆಯೇ ಸೀಳಬಹುದು. ಇಷ್ಟೆಲ್ಲಕ್ಕೆ ಬೇಕಾಗಿದ್ದು ಒಂದು ಗುಂಡು, ಸ್ವಲ್ಪ ವ್ಯವಧಾನ. ನಮ್ಮಲ್ಲಿ ಎರಡೂ ಸ್ಟಾಕ್ ಇಲ್ಲ.

ಸೈಜಿನ ಬಗ್ಗೆ ಬಾಯಿ ಬಿಡದವರು ರೇಟಿನ ಬಗ್ಗೆ ಮಾತ್ರ ಬಲು ಚುರುಕು. ಅಡ್ಮಿಷನ್ ದಿನವೇ ಒಂದು ಹಾಳೆ ಕೈಗಿಟ್ಟರು: ಇಂಡಿಯನ್, ಇಂಪೋರ್ಟೆಡ್, ಸೆರಾಮಿಕ್. ಬೆಣ್ಣೆ ದೋಸೆ ಹೋಟೆಲಿನಲ್ಲಿ ಖಾಲಿಯೋ ಓಪನ್ನೋ ಎಂದು ಕೇಳಿದ ಹಾಗೆ, ‘ಯಾವುದು ಹಾಕೋಣ, ಬೇಗ ಹೇಳಿ’ ಎಂದರು. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ನಾನು ಏನು ಹೇಳಲಿ? ಮೂಳೆ ಟೊಳ್ಳಾಗಿದ್ದರೆ ಸಿಮೆಂಟ್ ಹಾಕಿ ಕೂರಿಸುವುದು ವಾಸಿ, ಗಟ್ಟಿ ಇದ್ದರೆ ಸಿಮೆಂಟಿಲ್ಲದ್ದೂ ಆಗುತ್ತದೆ, ಕಪ್ ಸಣ್ಣದಾದರೆ ಅದರೊಳಗೆ ತಿರುಗುವ, ಸ್ಟೆಮ್ ತುದಿಯ ಚೆಂಡೂ 28 ಮಿ.ಮೀ.ನಂಥ ಸಣ್ಣದೇ ಆಗುತ್ತದೆ, ದೊಡ್ಡ ಚೆಂಡಿಗಿಂತ ಅದು ಜಾರುವ ಭಯ ಹೆಚ್ಚು ಎಂಬುದೆಲ್ಲ ನನಗೆ ತಿಳಿದದ್ದು ಮತ್ತೆ ಹುಬ್ಬಳ್ಳಿಯವರಿಂದಲೇ. ಇಲ್ಲಿ ಹಾಳೆ ಕೊಟ್ಟವರಿಗೆ ಅಡ್ವಾನ್ಸ್ ಎಷ್ಟು ಕಟ್ಟುತ್ತೀರಿ ಎಂಬುದಷ್ಟೇ ಮುಖ್ಯ.

ಸರ್ಕಾರವಾದರೂ ಏನು ಮಾಡಿತು? 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ, ಆಗಸ್ಟ್‌ನಲ್ಲಿ ಮೊಣಕಾಲಿನ ಇಂಪ್ಲಾಂಟಿಗೆ ಗರಿಷ್ಠ ಬೆಲೆ ನಿಗದಿ ಮಾಡಿದರು. ಮೊಣಕಾಲಿನಿಂದ ಒಂದು ಮೊಳ ಮೇಲಕ್ಕೆ, ಸೊಂಟಕ್ಕೆ ಬರಲು ಅವರಿಗೆ ಪುರುಸೊತ್ತಾಗಲಿಲ್ಲ. 2010ರಲ್ಲಿ ಲೋಹಕ್ಕೆ ಲೋಹ ಉಜ್ಜುವ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಕಂಪನಿಯೇ ಜಗತ್ತಿನಾದ್ಯಂತ ವಾಪಸ್ ಪಡೆದಾಗ, ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡಿದ್ದ ಎಷ್ಟೋ ಜನ ಪತ್ತೆಯೇ ಆಗಲಿಲ್ಲ. ಯಾರಿಗೆ ಯಾವುದು ಹಾಕಿದೆ ಎಂದು ಆಮೇಲೆ ಪತ್ತೆ ಹಚ್ಚಲು ಇಂಪ್ಲಾಂಟಿನ ಡಬ್ಬಿಯೊಳಗೆ ಸೈಜು, ತಯಾರಿಕೆಯ ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿ ಕೊಡಿ ಎಂದು ಪಕ್ಕದ ಬೆಡ್ಡಿನವರು ಕೇಳಿದ್ದಕ್ಕೆ ನರ್ಸಮ್ಮ, ‘ನಿಮಗ್ಯಾಕ್ರೀ ಅದೆಲ್ಲ?’ ಎಂದು ಗದರಿದರು.

ಇನ್ನು ಮನೆಗೆ ವಾಪಸ್ ಬಂದ ಸಂಭ್ರಮ. ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು, ಅದು ಯಾವಾಗ ಸರಿ ಇತ್ತು ಎಂದು ಕೇಳಬೇಡಿ. ವ್ಹೀಲ್‌ಚೇರಿಗೆ ಒಂದು ಕಡೆ ಪೆಡಲ್ ಇಲ್ಲ. ಆಟೊದಲ್ಲಿ ನಿಟುವಳ್ಳಿ ಮುಟ್ಟುವಷ್ಟರಲ್ಲಿ ರಸ್ತೆಯ ಪ್ರತಿ ಹಂಪ್‌ಗೂ ಅಮ್ಮ ನನ್ನ ತೋಳನ್ನು ಉಗುರು ಇಳಿಯುವ ಹಾಗೆ ಹಿಡಿಯುತ್ತಿದ್ದಳು. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಎನಿಸಿಕೊಂಡ ಊರು ನಮ್ಮದು! ಈ ಹಂಪ್‌ಗಳ ಬಗ್ಗೆ, ಅಗೆದು ಮುಚ್ಚದೆ ಬಿಟ್ಟ ಗುಂಡಿಗಳ ಬಗ್ಗೆ ಹಿಂದೆಯೂ ಇದೇ ಅಂಕಣಕ್ಕೆ ಬರೆದಿದ್ದೆ. ‘ಪರಿಶೀಲಿಸಲಾಗುವುದು’ ಎಂಬ ಉತ್ತರವೂ ಬಂದಿತ್ತು. ಇನ್ನೂ ಪರಿಶೀಲಿಸುತ್ತಿದ್ದಾರೆ. ಸರ್ಕಾರಿ ಆರೋಗ್ಯ ಯೋಜನೆ ಕಾರ್ಡಿನ ಕೌಂಟರಿನಲ್ಲಿ ಸರ್ವರ್ ಡೌನ್ ಎನ್ನುವವರಿಗೂ, ರೆಫರಲ್ ಚೀಟಿಗೆ ಸಹಿ ಹಾಕಬೇಕಾದ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎನ್ನುವವರಿಗೂ ಇದೇ ಜಾಡ್ಯ. ಆ ಮೀಟಿಂಗ್ ಎಲ್ಲಿ ನಡೆಯುತ್ತದೋ, ಏನು ತೀರ್ಮಾನವಾಗುತ್ತದೋ ದೇವರಿಗೇ ಗೊತ್ತು.

ಸೊಂಟದ ಕೀಲು ಹಾಕುವ ಆಸ್ಪತ್ರೆಗಳೆಲ್ಲ ಅಳತೆ ಹಿಡಿದ ಕಾಗದವನ್ನು ಮೊದಲೇ ಮನೆಯವರಿಗೆ ತೋರಿಸಲಿ. ಸಣ್ಣ ಸೈಜಿನ ಸೆಟ್ ಬಂದಿದೆಯೇ ಎಂದು ಹಿಂದಿನ ಸಂಜೆಯೇ ನೋಡಿಕೊಳ್ಳಲಿ. ಬೆಲೆಯನ್ನೂ ಯಾರಾದರೂ ಹಿಡಿತಕ್ಕೆ ತರಲಿ, ಕೇಂದ್ರವೋ ರಾಜ್ಯವೋ ನಮಗೆ ಬೇಡ. ಜಿಲ್ಲಾಡಳಿತ ಒಮ್ಮೆ ಎಲ್ಲ ಕಡೆ ತಪಾಸಣೆ ಮಾಡಲಿ, ಹಾಗೆಯೇ ಆ ಹಂಪ್‌ಗಳನ್ನೂ ಕಿತ್ತು ಹಾಕಲಿ. ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಲಿ. ಕೈಗೊಳ್ಳುವ ಮನಸ್ಸಿಲ್ಲದಿದ್ದರೆ ಹಾಗೆಂದು ಬಾಯಿಬಿಟ್ಟಾದರೂ ಹೇಳಲಿ, ಸಂಬಳ ಹೇಗೂ ಒಂದನೇ ತಾರೀಕಿಗೆ ಬರುತ್ತದೆ.

– ನೊಂದ ಓದುಗ, ನಿಟುವಳ್ಳಿ, ದಾವಣಗೆರೆ